ಆಪರೇಟರ್ ಕೆಲಸದಿಂದ ಸೆಟ್ಟರ್ ಕೆಲಸಕ್ಕೆ: ಬೋರ್ ಸೈಜ್ ಬದಲಾಗುವುದೇಕೆ, ಕೋರ್ಸ್ ಮಾಡಲೇಬೇಕೆ?

ಎರಡನೇ ಶಿಫ್ಟ್ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಐಟಿಐನಲ್ಲಿ ಮೆಷಿನಿಸ್ಟ್ ಟ್ರೇಡ್ ಮುಗಿಸಿ, ಅಪ್ರೆಂಟಿಸ್ ಅವಧಿಯನ್ನೂ ಪೂರೈಸಿ, ಈಗ ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಟರ್ನಿಂಗ್ ಮೆಷಿನ್ (ಕಂಪ್ಯೂಟರ್ ನಿಯಂತ್ರಿತ ಲೇತು) ನಡೆಸುತ್ತಿದ್ದೇನೆ. ಅದರ ಕಂಟ್ರೋಲ್ (ನಡೆಸುವ ಕಂಪ್ಯೂಟರ್) ಫ್ಯಾನುಕ್ ಕಂಪನಿಯದು. ಜಾಬ್ (ಕತ್ತರಿಸಬೇಕಾದ ಲೋಹದ ತುಂಡು) ಹಾಕುವುದು, ಸೈಕಲ್ ಸ್ಟಾರ್ಟ್ ಒತ್ತುವುದು, ಜಾಬ್ ತೆಗೆದು ಬರ್ ಬಿಡಿಸಿ ಅಳೆಯುವುದು, ಗಂಟೆಗೊಮ್ಮೆ ಶೀಟಿನಲ್ಲಿ ರೀಡಿಂಗ್ ಬರೆಯುವುದು, ಇಷ್ಟೇ ನನ್ನ ಕೆಲಸ. ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ಬಿಲ್ಲೆ) ಬದಲಾಯಿಸುವುದನ್ನು ಈಚೆಗೆ ನನಗೆ ಬಿಟ್ಟಿದ್ದಾರೆ. ಆದರೆ ಆಫ್‌ಸೆಟ್ (ಟೂಲಿನ ಸ್ಥಾನ ತಿದ್ದುವ ಅಂಕಿ) ಕೊಡುವುದು, ಜಾ (ಜಾಬನ್ನು ಹಿಡಿಯುವ ಚಕ್ಕಿನ ಹಲ್ಲು) ಬೋರ್ ಮಾಡುವುದು, ಹೊಸ ಜಾಬಿಗೆ ಸೆಟ್ಟಿಂಗ್ ಮಾಡುವುದು ಎಲ್ಲವೂ ಸೆಟ್ಟರ್ ಕೈಯಲ್ಲಿದೆ.

ಈಗ ನಡೆಯುತ್ತಿರುವುದು ಉಕ್ಕಿನ ಒಂದು ಸ್ಲೀವ್ (ಟೊಳ್ಳು ಕೊಳವೆ). ಅದರ ಬೋರ್, ಅಂದರೆ ಒಳರಂಧ್ರ, 32 H7. ಶಿಫ್ಟ್ ಆರಂಭದಲ್ಲಿ ಒಂದು ಸೈಜ್ ಬರುತ್ತದೆ, ಸ್ವಲ್ಪ ಹೊತ್ತಿಗೆ ಬೇರೆ ಬರುತ್ತದೆ, ಊಟದ ಬಿಡುವಿನ ನಂತರ ಮತ್ತೆ ಬದಲಾಗುತ್ತದೆ. ಸೆಟ್ಟರ್ ಬಂದು ಸ್ಕ್ರೀನಿನಲ್ಲಿ ಏನೋ ಒತ್ತಿ ಹೋಗುತ್ತಾರೆ, ಸೈಜ್ ಸರಿಯಾಗುತ್ತದೆ. ಏಕೆ ಎಂದು ಕೇಳಿದರೆ, 'ಅದು ಹಾಗೇ' ಎಂಬ ಉತ್ತರ ಬರುತ್ತದೆ. ಕೆಲವೊಮ್ಮೆ ನಾನು ಅಳೆದು ಸರಿ ಎಂದು ಬಿಟ್ಟ ಜಾಬಿಗೆ ಇನ್‌ಸ್ಪೆಕ್ಷನ್‌ನಲ್ಲಿ ಪ್ಲಗ್ ಗೇಜ್ (ರಂಧ್ರದೊಳಗೆ ಇಳಿಸಿ ನೋಡುವ ದುಂಡು ಗೇಜ್) ಹೋಗುವುದಿಲ್ಲ, ಆಗ ರಿಜೆಕ್ಷನ್ ನನ್ನ ಹೆಸರಿಗೆ ಬೀಳುತ್ತದೆ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡು ಸೆಟ್ಟರ್ ಆಗಬೇಕೆಂಬುದು ನನ್ನ ಆಸೆ. ಮೂರು ತಿಂಗಳ ಸಿಎನ್‌ಸಿ ಪ್ರೋಗ್ರಾಮಿಂಗ್ ಕೋರ್ಸ್ ಮಾಡು ಎಂದು ಸ್ನೇಹಿತರು ಹೇಳುತ್ತಾರೆ. ಅದರಿಂದ ಉಪಯೋಗವಿದೆಯೇ? ಇನ್ನೊಂದು ಕಡೆ, ಜಾಬ್ ಹಾಕಿ ತೆಗೆಯುವುದಕ್ಕೆ ರೋಬೋಟ್ ಬರುತ್ತಿರುವಾಗ ಈ ಕೆಲಸದಲ್ಲೇ ಮುಂದುವರಿಯುವುದು ಸರಿಯೇ ಎಂಬ ಅನುಮಾನವೂ ಇದೆ. ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಹಳೇ ಟರ್ನರ್:

ತಮ್ಮಾ, ಕೋರ್ಸಿನ ವಿಚಾರವನ್ನು ಬೇರೆಯವರು ಹೇಳಲಿ, ನಾನು ಸೈಜಿನ ವಿಚಾರ ಹೇಳುತ್ತೇನೆ. ನಾನು ಕೆಲಸ ಕಲಿತದ್ದು ಎಚ್‌ಎಂಟಿಯ ಎನ್‌ಎಚ್22 ಲೇತಿನ ಮೇಲೆ, ಕ್ರಾಸ್ ಸ್ಲೈಡಿನ ಡಯಲ್ ಎಣಿಸಿಕೊಂಡು. ಸಿಎನ್‌ಸಿ ಬಂದ ಮೇಲೆ ಡಯಲ್ ಹೋಗಿ ಸ್ಕ್ರೀನ್ ಬಂದಿತೇ ಹೊರತು ಲೋಹದ ಗುಣ ಬದಲಾಗಲಿಲ್ಲ.

32 H7 ಎಂದರೆ ಬೋರ್ 32.000 ಮಿಲಿಮೀಟರಿಗಿಂತ ಕಡಿಮೆಯಾಗಬಾರದು, 32.025ನ್ನು ಮೀರಬಾರದು. ನಿಮಗೆ ಸಿಕ್ಕಿರುವ ಟಾಲರೆನ್ಸ್ ಒಟ್ಟು 25 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್). ಇದನ್ನು ಯಾರು ಯಾರು ತಿನ್ನುತ್ತಾರೆ ಎಂದು ನೋಡಿ.

ಮೊದಲನೆಯದು ಜಾಬಿನ ಬಿಸಿ. ಅಳತೆಗೆ ಎಲ್ಲ ದೇಶಗಳೂ ಒಪ್ಪಿಕೊಂಡಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ನಿಮ್ಮ 32 ಮಿಲಿಮೀಟರ್ ಬೋರ್, ಗೇಜ್ ಸೆಟ್ ಮಾಡಿದ ಮಾಸ್ಟರ್ ರಿಂಗಿಗಿಂತ (ನಿಖರ ಅಳತೆಯ ಮಾದರಿ ಉಂಗುರ) 15 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಐದೂವರೆ ಮೈಕ್ರಾನ್ ದೊಡ್ಡದಾಗಿ ತೋರುತ್ತದೆ. ಐದೂವರೆ ಎಂದರೆ ನಿಮ್ಮ ಟಾಲರೆನ್ಸಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಮೆಷಿನಿನಿಂದ ತೆಗೆದ ಕೂಡಲೇ ಅಳೆದು, 'ಸೈಜ್ ಮೇಲೆ ಹೋಗುತ್ತಿದೆ' ಎಂದು ಬೋರನ್ನು ಚಿಕ್ಕದು ಮಾಡಿದರೆ, ಅದೇ ಜಾಬ್ ಅರ್ಧ ಗಂಟೆಯ ನಂತರ ತಣ್ಣಗಾಗಿ ಇನ್‌ಸ್ಪೆಕ್ಷನ್ ಮೇಜಿಗೆ ಹೋದಾಗ ಗೋ ಗೇಜ್ (ಇಳಿಯಲೇಬೇಕಾದ ಪ್ಲಗ್ ಗೇಜ್) ಒಳಗೆ ಇಳಿಯುವುದಿಲ್ಲ. ರಿಜೆಕ್ಷನ್ ನಿಮ್ಮ ಹೆಸರಿಗೆ ಬೀಳುವುದರ ಹಿಂದೆ ಇದೂ ಇರಬಹುದು. ಕೂಲೆಂಟ್ (ತಂಪು ಮಾಡುವ ದ್ರವ) ಬಿಡುವ ದಾರಿ ಸರಿಯಿದೆಯೇ, ಬೋರಿನೊಳಗೆ ತಲುಪುತ್ತಿದೆಯೇ ನೋಡಿಕೊಳ್ಳಿ. ಅಳೆಯುವ ಮುಂಚೆ ಜಾಬನ್ನೂ ಮಾಸ್ಟರ್ ರಿಂಗನ್ನೂ ಒಂದೇ ಕಬ್ಬಿಣದ ಪ್ಲೇಟಿನ ಮೇಲೆ ಸ್ವಲ್ಪ ಹೊತ್ತು ಇಡಿ. ಮಾಸ್ಟರ್ ರಿಂಗನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುವವರನ್ನು ನಾನು ನೋಡಿದ್ದೇನೆ. ಅಂಥವರ ಅಳತೆಯನ್ನು ದೇವರೇ ಕಾಪಾಡಬೇಕು.

ಎರಡನೆಯದು ಮೆಷಿನಿನ ಬಿಸಿ. ರಾತ್ರಿಯೆಲ್ಲ ನಿಂತ ಮೆಷಿನ್ ಬೆಳಿಗ್ಗೆ ತಣ್ಣಗಿರುತ್ತದೆ. ಸ್ಪಿಂಡಲ್ (ಚಕ್ಕನ್ನು ತಿರುಗಿಸುವ ದಂಡ) ಬೇರಿಂಗ್ ಬಿಸಿಯಾದಂತೆ ಅದನ್ನು ಹೊತ್ತ ಹೆಡ್‌ಸ್ಟಾಕ್ ಹಿಗ್ಗಿ ಸ್ಪಿಂಡಲ್‌ನ ಕೇಂದ್ರ ಸ್ವಲ್ಪ ಸರಿಯುತ್ತದೆ, ಟೂಲನ್ನು ಸರಿಸುವ ಬಾಲ್ ಸ್ಕ್ರೂ ಉದ್ದವಾಗುತ್ತದೆ. ಊಟಕ್ಕೆ ಬಿಟ್ಟಾಗ ಇದೆಲ್ಲ ಹಿಂದಕ್ಕೆ ಬರುತ್ತದೆ, ಮತ್ತೆ ಓಡಿಸಿದಾಗ ಮುಂದಕ್ಕೆ ಹೋಗುತ್ತದೆ. ಬೋರ್ ದೊಡ್ಡದಾಗುತ್ತದೆಯೋ ಚಿಕ್ಕದಾಗುತ್ತದೆಯೋ ಎಂಬುದು ಮೆಷಿನಿನ ರಚನೆಯನ್ನು ಅವಲಂಬಿಸಿದೆ. ಆದ್ದರಿಂದ ಪಕ್ಕದ ಮೆಷಿನಿನ ಲೆಕ್ಕ ನಿಮ್ಮದಕ್ಕೆ ಹೊಂದುವುದಿಲ್ಲ. ಆದರೆ ಒಂದೇ ಮೆಷಿನ್ ದಿನವೂ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತದೆ. ಶಿಫ್ಟ್ ಆರಂಭದಲ್ಲಿ ಜಾಬಿಲ್ಲದೆ ವಾರ್ಮ್ ಅಪ್ ಪ್ರೋಗ್ರಾಮ್ ಓಡಿಸಿ, ಎಲ್ಲ ಆಕ್ಸಿಸ್‌ಗಳೂ ಪೂರ್ತಿ ಉದ್ದ ಓಡಾಡಲಿ. ಪ್ರೊಡಕ್ಷನ್ ಹೋಗುತ್ತದೆ ಎಂದು ಇದನ್ನು ತಪ್ಪಿಸುವ ಸೂಪರ್‌ವೈಸರ್, ಅದಕ್ಕಿಂತ ಹೆಚ್ಚು ಹೊತ್ತನ್ನು ರೀವರ್ಕಿನಲ್ಲಿ ಕಳೆದುಕೊಳ್ಳುತ್ತಾರೆ.

ಮೂರನೆಯದು ಇನ್ಸರ್ಟ್ ಸವೆತ. ಇದು ಯಾವಾಗಲೂ ಒಂದೇ ದಿಕ್ಕಿಗೆ ಹೋಗುತ್ತದೆ. ಸವೆದ ಟೂಲ್ ಲೋಹವನ್ನು ಬಿಟ್ಟುಬರುತ್ತದೆ. ಹಾಗಾಗಿ ಬೋರ್ ಚಿಕ್ಕದಾಗುತ್ತಾ ಹೋಗುತ್ತದೆ, ಹೊರವ್ಯಾಸ ದೊಡ್ಡದಾಗುತ್ತಾ ಹೋಗುತ್ತದೆ. ಬಿಸಿಯಿಂದಾಗುವ ಬದಲಾವಣೆ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ, ಸವೆತ ನಿಲ್ಲುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡುವ ದಾರಿ ಇದೊಂದೇ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕಂಪನಿಯ ಶೀಟ್ ಬೇರೆ, ಇದು ಬೇರೆ. ಶೀಟಿನಲ್ಲಿ ಎಲ್ಲರೂ 32.012 ಎಂದು ಬರೆಯುತ್ತಾರೆಂಬುದು ನನಗೂ ಗೊತ್ತು, ನಿಮಗೂ ಗೊತ್ತು. ನಿಮ್ಮ ಪುಸ್ತಕದಲ್ಲಿ ಗಂಟೆ, ನಿಜವಾದ ರೀಡಿಂಗ್, ಇನ್ಸರ್ಟ್ ಅಂಚು ಹಾಕಿದ ಮೇಲೆ ಅದು ಎಷ್ಟನೇ ಜಾಬ್, ಸೆಟ್ಟರ್ ಬಂದು ಕೊಟ್ಟ ಆಫ್‌ಸೆಟ್ ಎಷ್ಟು, ಪ್ಲಸ್ಸೋ ಮೈನಸ್ಸೋ, ಇಷ್ಟನ್ನು ಬರೆಯಿರಿ. ಎರಡು ವಾರದ ಬರಹ ಮುಂದಿಟ್ಟುಕೊಂಡು ಕುಳಿತರೆ, ಸೆಟ್ಟರ್ ಬರುವ ಮೊದಲೇ ಅವರು ಏನು ಒತ್ತುತ್ತಾರೆ ಎಂಬುದನ್ನು ನೀವು ಹೇಳಬಲ್ಲಿರಿ. ಅಂದಿನಿಂದ ನೀವು ಆಪರೇಟರ್ ಎಂಬುದು ಐಡಿ ಕಾರ್ಡಿನಲ್ಲಿ ಮಾತ್ರ.

ಗೇಜ್ ರೂಮ್:

ಹಿರಿಯರು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ಬದಲಾಯಿಸುವ ಅಗತ್ಯವಿಲ್ಲ. ಆದರೆ 'ನಾನು ಅಳೆದಾಗ ಸರಿ, ಇನ್‌ಸ್ಪೆಕ್ಷನ್‌ನಲ್ಲಿ ಪ್ಲಗ್ ಗೇಜ್ ಹೋಗುವುದಿಲ್ಲ' ಎಂಬ ಮಾತು ಓದಿದಾಗ ನನಗೆ ಬೇರೊಂದು ಅನುಮಾನ ಬಂತು. ನಾನು ಹಲವು ವರ್ಷಗಳಿಂದ ಕ್ವಾಲಿಟಿ ವಿಭಾಗದಲ್ಲಿ ಇದ್ದೇನೆ. ಆಪರೇಟರಿಗೂ ನಮಗೂ ನಡೆಯುವ ಜಗಳಗಳಲ್ಲಿ ಇದಕ್ಕೆ ದೊಡ್ಡ ಪಾಲು.

ನಿಮ್ಮ ಸ್ಲೀವಿನ ಗೋಡೆ ಎಷ್ಟು ದಪ್ಪ? ತೆಳುವಾಗಿದ್ದು, ಮೂರು ಜಾಗಳ ಚಕ್ಕಿನಲ್ಲಿ ಹೊರಗಿನಿಂದ ಹಿಡಿಯುತ್ತಿದ್ದರೆ, ಹೀಗಾಗುತ್ತದೆ: ಹಿಡಿದಾಗ ಜಾಗಳ ಒತ್ತಡಕ್ಕೆ ಸ್ಲೀವ್ ಮೂರು ಕಡೆ ಒಳಕ್ಕೆ ಬಗ್ಗುತ್ತದೆ. ಹಾಗೆ ಬಗ್ಗಿರುವಾಗಲೇ ಟೂಲ್ ಒಳಗೆ ಹೋಗಿ ಬೋರನ್ನು ಚೆನ್ನಾಗಿ ದುಂಡಗೆ ಮಾಡುತ್ತದೆ. ಚಕ್ ಬಿಟ್ಟ ಕ್ಷಣ ಆ ಮೂರು ಕಡೆ ಗೋಡೆ ಹೊರಕ್ಕೆ ಚಿಮ್ಮಿ ಮೊದಲಿನ ಸ್ಥಿತಿಗೆ ಬರುತ್ತದೆ, ಬೋರ್ ಮೂರು ಮೂಲೆಯ ಆಕಾರಕ್ಕೆ ತಿರುಗುತ್ತದೆ. ಜಾ ಹಿಡಿದಿದ್ದ ಕಡೆ ಕೇಂದ್ರದಿಂದ ದೂರ, ಎರಡು ಜಾಗಳ ನಡುವೆ ಕೇಂದ್ರಕ್ಕೆ ಹತ್ತಿರ.

ನೀವು ಬಳಸುವ ಬೋರ್ ಡಯಲ್ ಗೇಜ್ ಎದುರುಬದುರಾದ ಎರಡು ಬಿಂದುಗಳ ನಡುವಿನ ಅಳತೆಯನ್ನು ತೋರಿಸುತ್ತದೆ. ಮೂರು ಮೂಲೆಯ ಬೋರಿನಲ್ಲಿ ಉಬ್ಬಿದ ಜಾಗದ ನೇರ ಎದುರಿಗೆ ತಗ್ಗಿದ ಜಾಗವಿರುತ್ತದೆ. ಒಂದು ಕಡೆ ಹೆಚ್ಚಾದದ್ದು ಇನ್ನೊಂದು ಕಡೆ ಕಡಿಮೆಯಾಗಿ, ಗೇಜನ್ನು ಎಷ್ಟು ತಿರುಗಿಸಿದರೂ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಪ್ಲಗ್ ಗೇಜ್ ಪೂರ್ತಿ ದುಂಡು. ಅದು ಕೇಂದ್ರಕ್ಕೆ ಹತ್ತಿರ ಬಂದಿರುವ ಮೂರು ಕಡೆಗಳಲ್ಲಿ ತಡೆಯುತ್ತದೆ. ಅಂದರೆ ನಿಮ್ಮ ಅಳತೆಯೂ ಸುಳ್ಳಲ್ಲ, ಇನ್‌ಸ್ಪೆಕ್ಷನ್ ತೀರ್ಮಾನವೂ ಸುಳ್ಳಲ್ಲ. ಎರಡು ಸಾಧನಗಳು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿವೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಚಕ್ಕಿನಿಂದ ತೆಗೆಯುವ ಮುಂಚೆ ಒಂದನೇ ನಂಬರ್ ಜಾ ಇರುವ ಕಡೆ ಜಾಬಿನ ಮುಖದ ಮೇಲೆ ಮಾರ್ಕರಿನಿಂದ ಗುರುತು ಹಾಕಿ. ನಂತರ ಕ್ವಾಲಿಟಿಯವರಲ್ಲಿ ಮೂರು ಬಿಂದುಗಳ ಬೋರ್ ಮೈಕ್ರೋಮೀಟರ್ ಇದ್ದರೆ ಕೇಳಿ, ಅದರ ಮೂರು ಕಾಲುಗಳನ್ನು ಮೊದಲು ಜಾ ಇದ್ದ ಜಾಗಗಳಲ್ಲಿ, ಆಮೇಲೆ ಜಾಗಳ ನಡುವೆ ಇಟ್ಟು ಅಳೆಯಿರಿ. ಎರಡು ರೀಡಿಂಗ್‌ಗಳಿಗೂ ವ್ಯತ್ಯಾಸ ಬಂದರೆ ಆಫ್‌ಸೆಟ್ ಎಷ್ಟು ಬದಲಾಯಿಸಿದರೂ ಪ್ರಯೋಜನವಿಲ್ಲ, ಹಿಡಿಯುವ ಕ್ರಮವನ್ನೇ ಬದಲಾಯಿಸಬೇಕು. ಫಿನಿಶ್ ಕಟ್ಟಿಗೆ ಚಕ್ ಒತ್ತಡ ಇಳಿಸುವುದು, ಸಾಫ್ಟ್ ಜಾಗಳನ್ನು (ಕತ್ತರಿಸಿ ಹೊಂದಿಸಬಹುದಾದ ಮೆದು ಲೋಹದ ಜಾ) ಜಾಬಿನ ಹೊರವ್ಯಾಸಕ್ಕೆ ಸರಿಯಾಗಿ ಬೋರ್ ಮಾಡಿ ಆದಷ್ಟು ಸುತ್ತಳತೆಯನ್ನು ತಬ್ಬುವಂತೆ ಮಾಡುವುದು, ಸಾಧ್ಯವಿದ್ದರೆ ರಫ್ ಮತ್ತು ಫಿನಿಶ್ ಬೇರೆ ಬೇರೆ ಸೆಟ್ಟಿಂಗಿನಲ್ಲಿ ಮಾಡುವುದು ಪರಿಹಾರ. ಒತ್ತಡ ಇಳಿಸುವುದನ್ನು ಮಾತ್ರ ನೀವೊಬ್ಬರೇ ಮಾಡಬೇಡಿ. ಸ್ಪಿಂಡಲ್ ವೇಗ ಹೆಚ್ಚಿದಂತೆ ಜಾಗಳೇ ಹೊರಕ್ಕೆ ಎಳೆಯಲ್ಪಟ್ಟು ಹಿಡಿತ ಸಡಿಲವಾಗುತ್ತದೆ. ಒತ್ತಡ ಎಷ್ಟಕ್ಕೆ ಇಳಿಯಬಹುದೆಂದು ಸೆಟ್ಟರ್ ನಿರ್ಧರಿಸಲಿ.

ಸಣ್ಣ ಕಾರ್ಖಾನೆ:

ಕೋರ್ಸಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಸೆಟ್ಟರ್ ಹುದ್ದೆಗೆ ಬರುವವರನ್ನು ಸಂದರ್ಶನ ಮಾಡುವವನು ನಾನೇ. ನಮ್ಮದು ಕೆಲವೇ ಮೆಷಿನ್‌ಗಳಿರುವ ಜಾಬ್ ಶಾಪ್.

ಬಂದವರ ಮುಂದೆ ಸರ್ಟಿಫಿಕೇಟ್ ಇಡಿಸುವುದಿಲ್ಲ, ಒಂದು ಡ್ರಾಯಿಂಗ್ ಇಡುತ್ತೇನೆ. ಮೊದಲು ಎಲ್ಲಿ ಹಿಡಿಯುತ್ತೀರಿ, ಯಾವ ಮುಖವನ್ನು ಮೊದಲು ತೆಗೆಯುತ್ತೀರಿ, ಈ ಬೋರಿಗೂ ಈ ಹೊರವ್ಯಾಸಕ್ಕೂ ಕಾನ್ಸೆಂಟ್ರಿಸಿಟಿ (ಒಂದೇ ಕೇಂದ್ರ) ಕೊಟ್ಟಿದ್ದಾರಲ್ಲ, ಎರಡನ್ನೂ ಒಂದೇ ಹಿಡಿತದಲ್ಲಿ ಮಾಡಲು ಆಗುತ್ತದೆಯೇ ಎಂದು ಕೇಳುತ್ತೇನೆ. ಆಮೇಲೆ ಇನ್ಸರ್ಟ್ ಡಬ್ಬಿಯನ್ನು ಕೈಗೆ ಕೊಡುತ್ತೇನೆ. ಸಿಎನ್‌ಎಂಜಿ 120408 ಎಂದಿದ್ದರೆ ಕೊನೆಯ 08 ಏನು ಹೇಳುತ್ತದೆ ಎಂದು ಕೇಳುತ್ತೇನೆ. ಅದು ನೋಸ್ ರೇಡಿಯಸ್ (ಇನ್ಸರ್ಟ್ ತುದಿಯ ದುಂಡಿನ ತ್ರಿಜ್ಯ), 0.8 ಮಿಲಿಮೀಟರ್. ಅದನ್ನು ಹೇಳಿದವರಿಗೆ, ಫೀಡ್ (ಒಂದು ಸುತ್ತಿಗೆ ಟೂಲ್ ಸಾಗುವ ದೂರ) ದುಪ್ಪಟ್ಟು ಮಾಡಿದರೆ ಮೇಲ್ಮೈ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಫೀಡಿನ ವರ್ಗವನ್ನು ನೋಸ್ ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಿದರೆ ಟೂಲ್ ಬಿಟ್ಟುಹೋಗುವ ಗೆರೆಗಳ ಆಳ ಸುಮಾರಾಗಿ ಸಿಗುತ್ತದೆ. 0.8 ರೇಡಿಯಸ್‌ಗೆ 0.1 ಫೀಡ್ ಕೊಟ್ಟರೆ ಒಂದೂವರೆ ಮೈಕ್ರಾನ್ ಚಿಲ್ಲರೆ, 0.2 ಕೊಟ್ಟರೆ ಆರು ಮೈಕ್ರಾನ್ ಮೇಲೆ. ದುಪ್ಪಟ್ಟು ಫೀಡಿಗೆ ನಾಲ್ಕು ಪಟ್ಟು ಒರಟು. ಸೂತ್ರ ಬಾಯಿಗೆ ಬರಬೇಕಿಲ್ಲ, ನಾಲ್ಕು ಪಟ್ಟು ಎಂಬುದು ತಿಳಿದಿದ್ದರೆ ಸಾಕು.

ಕೊನೆಯದಾಗಿ ಜಿ96 ಮತ್ತು ಜಿ50 ಎಂಬ ಪ್ರೋಗ್ರಾಮ್ ಆಜ್ಞೆಗಳ ಬಗ್ಗೆ ಕೇಳುತ್ತೇನೆ. ಜಿ96ರಲ್ಲಿ ಕಟಿಂಗ್ ಸ್ಪೀಡ್ ಸ್ಥಿರವಾಗಿರಬೇಕಾದ್ದರಿಂದ ಟೂಲ್ ಕೇಂದ್ರದ ಕಡೆ ಹೋದಂತೆ ಸ್ಪಿಂಡಲ್ ವೇಗ ಏರುತ್ತಾ ಹೋಗುತ್ತದೆ. 50 ಮಿಲಿಮೀಟರ್ ವ್ಯಾಸದಲ್ಲಿ ನಿಮಿಷಕ್ಕೆ 200 ಮೀಟರ್ ಎಂದರೆ 1,270 ಸುತ್ತಿನ ಆಸುಪಾಸು, 10 ಮಿಲಿಮೀಟರಿಗೆ ಬಂದಾಗ 6,360 ಸುತ್ತು ಬೇಕೆನ್ನುತ್ತದೆ. ಮಿತಿ ಹಾಕದಿದ್ದರೆ ಮೆಷಿನ್ ತನ್ನ ಗರಿಷ್ಠ ವೇಗದವರೆಗೂ ಹೋಗುತ್ತದೆ. ಭಾರದ ಜಾಬ್ ಹಿಡಿದಿರುವಾಗ ಹಾಗಾದರೆ ಪರಿಣಾಮವೇನೆಂದು ಮೇಲೆ ಗೇಜ್ ರೂಮಿನವರು ಸೂಚಿಸಿದ್ದಾರೆ. ಆ ಮಿತಿ ಹಾಕುವುದು ನಿಮ್ಮ ಮಾದರಿಯ ಕಂಟ್ರೋಲಿನಲ್ಲಿ ಜಿ50. ಇದನ್ನು ಹೇಳಬಲ್ಲ ಆಪರೇಟರಿಗೆ ಕೋರ್ಸ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ನಾನು ಮೆಷಿನ್ ಒಪ್ಪಿಸುತ್ತೇನೆ.

ಹಾಗೆಂದು ಕೋರ್ಸ್ ಬೇಡವೆನ್ನುವುದಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಸಿಮ್ಯುಲೇಷನ್ ತೋರಿಸಿ ಕಳಿಸುವ ಕಡೆ ದುಡ್ಡು ಹಾಕಬೇಡಿ. ಜಿ71, ಜಿ70, ಜಿ76 (ರಫ್, ಫಿನಿಶ್, ಥ್ರೆಡ್ ಕಟ್ಟಿನ ಸಿದ್ಧ ಆಜ್ಞೆಗಳು) ಸೈಕಲ್‌ಗಳನ್ನು ನಿಮ್ಮ ಮೆಷಿನಿನ ಕೈಪಿಡಿ ಓದಿಯೇ ಕಲಿಯಬಹುದು. ನಡೆಯುತ್ತಿರುವ ಪ್ರೋಗ್ರಾಮನ್ನು ಸಾಲು ಸಾಲಾಗಿ ಬರೆದುಕೊಂಡು ಟೂಲ್ ಎಲ್ಲಿದೆ ಎಂದು ಕಾಗದದ ಮೇಲೆ ಚಿತ್ರ ಬಿಡಿಸಿದರೆ ಅದೇ ಒಳ್ಳೆಯ ಅಭ್ಯಾಸ. ಕೋರ್ಸ್ ಮಾಡುವುದಾದರೆ, ಪ್ರತಿ ವಿದ್ಯಾರ್ಥಿ ನಿಜವಾದ ಮೆಷಿನ್ ಮೇಲೆ ಎಷ್ಟು ಗಂಟೆ ನಿಲ್ಲುತ್ತಾನೆ ಎಂಬ ಒಂದೇ ಪ್ರಶ್ನೆ ಕೇಳಿ ಸೇರಿ. ಡೆನ್ಮಾರ್ಕಿನ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರಕ್ಕೆ (ಜಿಟಿಟಿಸಿ) ಈಗ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಪೀಣ್ಯದಲ್ಲಿಯೇ ಎನ್‌ಟಿಟಿಎಫ್ ತರಬೇತಿ ಸಂಸ್ಥೆ ಇದೆ. ಇವೆರಡೂ ಮೆಷಿನ್ ಮುಂದೆ ನಿಲ್ಲಿಸಿ ಕಲಿಸುವುದಕ್ಕೆ ಹೆಸರಾದವು. ಮೊದಲು ಅಲ್ಲಿ ವಿಚಾರಿಸಿ.

ರೋಬೋಟಿನ ಬಗ್ಗೆ: ಒಂದೇ ಜಾಬ್ ತಿಂಗಳುಗಟ್ಟಲೆ ಓಡುವ ಕಡೆ ಜಾಬ್ ಹಾಕಿ ತೆಗೆಯುವ ಕೆಲಸ ಹೋಗುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದೊಡ್ಡ ಲೈನ್‌ಗಳಲ್ಲಿ ಅಳತೆ ತೆಗೆದು ತಾನೇ ಆಫ್‌ಸೆಟ್ ತಿದ್ದುವ ವ್ಯವಸ್ಥೆಯೂ ಇದೆ. ಆದರೆ ನನ್ನಂಥವರ ಶಾಪಿನಲ್ಲಿ ಇಂದು ಐವತ್ತು, ನಾಳೆ ಇನ್ನೂರು ಎಂದು ಜಾಬ್ ಬದಲಾಗುತ್ತಲೇ ಇರುತ್ತದೆ. ಪ್ರತಿ ಬದಲಾವಣೆಗೂ ಜಾ, ಟೂಲ್, ಫಸ್ಟ್ ಪೀಸ್ ನೋಡುವ ಮನುಷ್ಯ ಬೇಕು. ರೋಬೋಟ್ ಇರುವ ಸೆಲ್ಲಿನಲ್ಲೂ ಸೈಜ್ ತಪ್ಪಿದಾಗ ಏಕೆ ತಪ್ಪಿತು ಎಂದು ಹೇಳುವವನೊಬ್ಬ ಇರಲೇಬೇಕು. ನಾಲ್ಕು ಮೆಷಿನ್‌ಗಳಿಗೆ ನಾಲ್ವರಿದ್ದ ಕಡೆ ಒಬ್ಬನಿರುತ್ತಾನೆ, ಆ ಒಬ್ಬ ನೀವಾಗಬೇಕು.

ಒಂದು ಸಲಹೆ: ಸೆಟ್ಟಿಂಗ್ ಇರುವ ದಿನ ನಿಮ್ಮ ಶಿಫ್ಟ್ ಮುಗಿದ ಮೇಲೂ ನಿಂತು ನೋಡಿ. ಆಫ್‌ಸೆಟ್‌ನಲ್ಲಿ ಒಂದು ಸೊನ್ನೆ ಹೆಚ್ಚಾಗಿ ಟರೆಟ್ (ಟೂಲ್‌ಗಳನ್ನು ಹಿಡಿದಿರುವ ಭಾಗ) ಚಕ್ಕಿಗೆ ಬಡಿದರೆ ಅಲೈನ್‌ಮೆಂಟ್, ಬೇರಿಂಗ್ ಎಂದು ಮೆಷಿನ್ ದಿನಗಟ್ಟಲೆ ನಿಲ್ಲುತ್ತದೆ. ಸೆಟ್ಟರ್ ನಿಮಗೆ ಬೀಗ ಬಿಚ್ಚಿಕೊಡದಿರುವುದಕ್ಕೆ ಇದೇ ಕಾರಣ. ನಂಬಿಕೆ ಬರುವವರೆಗೆ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ.

ಉದ್ಯಮಬಾಗ:

ಬೆಳಗಾವಿಯಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಫೌಂಡ್ರಿಗಳು ಹೆಚ್ಚು, ನಾನು ಮಾಡುವುದು ಬೀಡುಕಬ್ಬಿಣದ ಮೆಷಿನಿಂಗ್. ಮೇಲಿನವರೆಲ್ಲ ತಿಳಿದವರು, ಅವರು ಹೇಳಿದ ವಿದ್ಯೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸಣ್ಣ ಕಾರ್ಖಾನೆಯವರ ಕೊನೆಯ ಸಲಹೆಗೆ ಒಂದು ಷರತ್ತು ಸೇರಿಸಲೇಬೇಕಾಗಿದೆ.

ಶಿಫ್ಟ್ ಮುಗಿದ ಮೇಲೆ ನಿಂತು ಸೆಟ್ಟಿಂಗ್ ನೋಡುವುದು ಕಲಿಕೆ. ನಿಂತವನ ಕೈಗೆ ಇನ್ನೊಂದು ಮೆಷಿನ್ ಕೊಟ್ಟು ಜಾಬ್ ತೆಗೆಸುವುದು ಓಟಿ (ಓವರ್‌ಟೈಮ್). 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ದರದ ಕೂಲಿ ಕೊಡಬೇಕೆಂಬುದು ಕಾನೂನು. ಕಲಿಸುತ್ತೇವೆ ಎಂಬ ಹೆಸರಿನಲ್ಲಿ ಎಷ್ಟೋ ಹುಡುಗರಿಂದ ಬಿಟ್ಟಿ ದುಡಿಸಿಕೊಳ್ಳುವುದನ್ನು ಕಂಡಿದ್ದೇನೆ. ನೋಡುವ ದಿನ ಪಂಚ್ ಮಾಡಿ ಹೊರಗೆ ಬಂದು, ಸೂಪರ್‌ವೈಸರಿಗೆ ಹೇಳಿ, ಕೈಕಟ್ಟಿ ನೋಡಿರಿ. ಕೆಲಸ ಕೊಟ್ಟರೆ ಆ ಹೊತ್ತಿಗೂ ಹಾಜರಿ ಪಂಚ್ ಇರಲಿ.

ನೀವು ಕಾಂಟ್ರಾಕ್ಟ್ ಮೇಲೆ ಇದ್ದೀರೋ ಕಾಯಂ ಇದ್ದೀರೋ ತಿಳಿಸಿಲ್ಲ. ಕಾಂಟ್ರಾಕ್ಟ್ ಆಗಿದ್ದರೆ ಪಿಎಫ್ ಪಾಸ್‌ಬುಕ್ಕನ್ನು ಯುಎಎನ್ ನಂಬರಿನಿಂದ ನೀವೇ ಆಗಾಗ ತೆರೆದು ನೋಡಿ. ಪೇ ಸ್ಲಿಪ್ಪಿನಲ್ಲಿ ಕತ್ತರಿಸಿದ್ದು ಅಲ್ಲಿ ಜಮೆಯಾಗಿರಬೇಕು. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಗೆ ಇಎಸ್‌ಐ (ನೌಕರರ ವಿಮೆ) ಅನ್ವಯಿಸುತ್ತದೆ, ನಿಮ್ಮ ಪಾಲು ಶೇ 0.75 ಮಾತ್ರ, ಮಾಲೀಕರದ್ದು ಶೇ 3.25. ಕಾರ್ಡ್ ಕೈಯಲ್ಲಿರಲಿ. ಬೆರಳಿಗೆ ಏನಾದರೂ ಆದ ಮೇಲೆ ಕಾರ್ಡ್ ಮಾಡಿಸಲು ಓಡಾಡುವ ಹಾಗಾಗಬಾರದು.

ಬೆರಳಿನ ಮಾತು ಬಂದದ್ದಕ್ಕೆ ಇಷ್ಟು ಹೇಳಿಬಿಡುತ್ತೇನೆ. ಉಕ್ಕಿನ ಜಾಬಿನಲ್ಲಿ ಚಿಪ್ ಮುರಿಯದೆ ಉದ್ದ ದಾರದಂತೆ ಬಂದು ಜಾಬಿಗೂ ಬೋರಿಂಗ್ ಬಾರಿಗೂ ಸುತ್ತಿಕೊಳ್ಳುತ್ತದೆ. ಸ್ಪಿಂಡಲ್ ಪೂರ್ತಿ ನಿಲ್ಲದೆ ಅದಕ್ಕೆ ಕೈ ಹಾಕಬಾರದು, ನಿಂತ ಮೇಲೂ ಕೊಕ್ಕೆಯಿಂದಲೇ ಎಳೆಯಬೇಕು. ತಿರುಗುವ ಸ್ಪಿಂಡಲ್ ಹತ್ತಿರ ಕೈಗವಸು ಹಾಕುವುದು ರಕ್ಷಣೆಯಲ್ಲ, ಅಪಾಯ. ಗವಸಿನ ಒಂದು ಎಳೆ ಸಿಕ್ಕಿದರೆ ಕೈಯನ್ನೂ ಜೊತೆಗೆ ಎಳೆಯುತ್ತದೆ. ಬಾಗಿಲಿನ ಇಂಟರ್‌ಲಾಕಿಗೆ (ಬಾಗಿಲು ತೆರೆದರೆ ಮೆಷಿನ್ ಓಡದಂತೆ ತಡೆಯುವ ಸ್ವಿಚ್) ಒಂದು ಬಿಡಿ ಕೀ ಸಿಕ್ಕಿಸಿ, ಬಾಗಿಲು ತೆರೆದೇ ಸೈಕಲ್ ಓಡಿಸುವ ಅಭ್ಯಾಸ ಎಷ್ಟೋ ಕಡೆ ಇದೆ. ಸೈಕಲ್ ಟೈಮಿನಲ್ಲಿ ಕೆಲವು ಸೆಕೆಂಡ್ ಉಳಿಯುತ್ತದೆ ಎಂಬುದೇ ಅದರ ಲಾಭ. ನಿಮ್ಮ ಮೆಷಿನಿನಲ್ಲಿ ಹಾಗಿದ್ದರೆ ಬರಹದಲ್ಲಿ ತಿಳಿಸಿ, ಬಾಯಿಮಾತಿನಲ್ಲಿ ಬೇಡ.

ಕೂಲೆಂಟ್ ಕೆಡುವುದರ ಬಗ್ಗೆ ಯಾರೂ ಮಾತನಾಡಲಿಲ್ಲ. ಸೋಮವಾರ ಬೆಳಿಗ್ಗೆ ಟ್ಯಾಂಕ್ ಕೊಳೆತ ವಾಸನೆ ಬರುತ್ತಿದ್ದರೆ ಮೇಲೆ ತೇಲುವ ಸ್ಲೈಡ್‌ವೇ ಎಣ್ಣೆಯನ್ನು ತೆಗೆದಿಲ್ಲ, ಬ್ಯಾಕ್ಟೀರಿಯಾ ಬೆಳೆದಿದೆ ಎಂದರ್ಥ. ನೀರು ಆವಿಯಾಗಿ ಹೋದಂತೆ ಎಣ್ಣೆಯ ಪ್ರಮಾಣ ಗಟ್ಟಿಯಾಗುತ್ತದೆ, ಬರೀ ನೀರು ಸುರಿದರೆ ತೆಳುವಾಗುತ್ತದೆ. ರಿಫ್ರಾಕ್ಟೋಮೀಟರಿನಲ್ಲಿ (ಆ ಪ್ರಮಾಣ ಅಳೆಯುವ ಸಾಧನ) ನೋಡಿ, ಡಬ್ಬಿಯ ಮೇಲೆ ತಯಾರಕರು ಹೇಳಿದ ಪ್ರಮಾಣಕ್ಕೆ ತರಬೇಕು. ತೆಳುವಾದರೆ ಮೆಷಿನಿಗೆ ತುಕ್ಕು, ಗಟ್ಟಿಯಾದರೆ ಕೈಗೆ ತುರಿಕೆ. ಬೆರಳುಗಳ ಸಂದಿಯಲ್ಲಿ ಚರ್ಮ ಬಿರಿಯುತ್ತಿದ್ದರೆ ಅದನ್ನು ಕೆಲಸದ ಭಾಗ ಎಂದು ಸುಮ್ಮನಿರಬೇಡಿ.

ಎರಡನೇ ಶಿಫ್ಟ್:

ಎಲ್ಲರಿಗೂ ಧನ್ಯವಾದಗಳು. ಗೇಜ್ ರೂಮಿನ ಮೇಡಂ ಅನುಮಾನಪಟ್ಟದ್ದು ಸರಿಯಾಗಿದೆ. ಸ್ಲೀವಿನ ಗೋಡೆ ಮೂರು ಮಿಲಿಮೀಟರ್ ಮಾತ್ರ. ಕ್ವಾಲಿಟಿಯವರನ್ನು ಕೇಳಿ ಮೂರು ಬಿಂದುಗಳ ಮೈಕ್ರೋಮೀಟರ್ ತಂದು, ಜಾ ಇದ್ದ ಕಡೆ ಮತ್ತು ನಡುವೆ ಅಳೆದಾಗ ವ್ಯತ್ಯಾಸ ಸ್ಪಷ್ಟವಾಗಿ ಕಾಣಿಸಿತು. ಅದನ್ನು ಬರೆದುಕೊಂಡು ಹೋಗಿ ಸೆಟ್ಟರಿಗೆ ತೋರಿಸಿದೆ. ಮೊದಲು ಒಪ್ಪಲಿಲ್ಲ, ಗುರುತು ಹಾಕಿದ ಜಾಬನ್ನು ಅವರೇ ಅಳೆದ ಮೇಲೆ ಒಪ್ಪಿಕೊಂಡು ಒತ್ತಡ ಇಳಿಸಿ, ಸಾಫ್ಟ್ ಜಾಗಳನ್ನು ಮತ್ತೆ ಬೋರ್ ಮಾಡಲು ನಿರ್ಧರಿಸಿದ್ದಾರೆ. ಆ ದಿನ ನಾನೂ ಇರಬೇಕೆಂದು ಹೇಳಿದ್ದಾರೆ, ಓಟಿ ಬರೆಸಿಯೇ. ನೋಟ್‌ಬುಕ್ ಶುರು ಮಾಡಿದ್ದೇನೆ. ಇಂಟರ್‌ಲಾಕ್ ನಮ್ಮಲ್ಲಿ ಸರಿಯಿದೆ. ಕೂಲೆಂಟ್ ವಾಸನೆಯ ವಿಚಾರದಲ್ಲಿ ಏನೂ ಹೇಳದಿರುವುದೇ ಒಳ್ಳೆಯದು.

ಇನ್ನೊಂದು ಸಂದೇಹ. ಇನ್ಸರ್ಟ್ ಸವೆತಕ್ಕೆ ಮಾತ್ರ ಐದು ಮೈಕ್ರಾನಿನೊಳಗೆ ನಾನೇ ಆಫ್‌ಸೆಟ್ ಕೊಡಬಹುದೆಂದು ಸೆಟ್ಟರ್ ಹೇಳಿದ್ದಾರೆ. ವೇರ್ ಪುಟದಲ್ಲಿ (ಸವೆತದ ಆಫ್‌ಸೆಟ್ ಬರೆಯುವ ಪರದೆ) 'ಇನ್‌ಪುಟ್' ಎಂದೂ 'ಪ್ಲಸ್ ಇನ್‌ಪುಟ್' ಎಂದೂ ಎರಡು ಕೀಗಳಿವೆ. ಯಾವುದನ್ನು ಒತ್ತಬೇಕು?

ಹಳೇ ಟರ್ನರ್:

ಇದನ್ನು ಒತ್ತುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. 'ಇನ್‌ಪುಟ್' ಒತ್ತಿದರೆ ಅಲ್ಲಿ ಇದ್ದ ಅಂಕಿ ಅಳಿಸಿ ನೀವು ಕೊಟ್ಟದ್ದು ಕುಳಿತುಕೊಳ್ಳುತ್ತದೆ. 'ಪ್ಲಸ್ ಇನ್‌ಪುಟ್' ಒತ್ತಿದರೆ ಇದ್ದ ಅಂಕಿಗೆ ನೀವು ಕೊಟ್ಟದ್ದು ಸೇರುತ್ತದೆ. ನಿಮಗೆ ಬೇಕಾದದ್ದು ಎರಡನೆಯದು. ಉದಾಹರಣೆಗೆ, ಎಕ್ಸ್ ವೇರ್‌ನಲ್ಲಿ ಈಗ 0.030 ಇದೆ, ಬೋರ್ 5 ಮೈಕ್ರಾನ್ ಚಿಕ್ಕದಾಗಿದೆ ಎಂದಿಟ್ಟುಕೊಳ್ಳಿ. ಬೋರ್ ದೊಡ್ಡದಾಗಬೇಕು, ಆದ್ದರಿಂದ 0.005 ಎಂದು ಬರೆದು 'ಪ್ಲಸ್ ಇನ್‌ಪುಟ್' ಒತ್ತಿದರೆ 0.035 ಆಗುತ್ತದೆ. ಗೊತ್ತಿಲ್ಲದೆ 'ಇನ್‌ಪುಟ್' ಒತ್ತಿದರೆ 0.005 ಆಗಿ ಕುಳಿತು, ಮುಂದಿನ ಬೋರ್ 25 ಮೈಕ್ರಾನ್ ಇನ್ನೂ ಚಿಕ್ಕದಾಗಿ ಬರುತ್ತದೆ. ಹೊರವ್ಯಾಸಕ್ಕೆ ಇದೇ ಲೆಕ್ಕ ತಿರುಗುಮುರುಗು, ದೊಡ್ಡದಾದದ್ದನ್ನು ಇಳಿಸಬೇಕಾದ್ದರಿಂದ ಮೈನಸ್ ಕೊಡಬೇಕು. ಟರ್ನಿಂಗ್ ಮೆಷಿನಿನ ಎಕ್ಸ್ ಸಾಮಾನ್ಯವಾಗಿ ವ್ಯಾಸದ ಲೆಕ್ಕದಲ್ಲಿರುತ್ತದೆ, ಹಾಗಾಗಿ ಅರ್ಧ ಮಾಡಲು ಹೋಗಬೇಡಿ.

ದಶಾಂಶ ಬಿಂದುವನ್ನು ಎಂದೂ ಬಿಡಬೇಡಿ. ಬಿಂದು ಇಲ್ಲದೆ 5 ಎಂದು ಹೊಡೆದರೆ ಒಂದು ಮೆಷಿನಿನಲ್ಲಿ ಅದು 5 ಮೈಕ್ರಾನ್, ಇನ್ನೊಂದರಲ್ಲಿ 5 ಮಿಲಿಮೀಟರ್, ಪ್ಯಾರಾಮೀಟರ್ ಹೇಗಿದೆಯೋ ಹಾಗೆ. ಒತ್ತಿದ ಮೇಲೆ ಕೈ ತೆಗೆದು, ಪರದೆಯಲ್ಲಿ ಕುಳಿತ ಹೊಸ ಅಂಕಿಯನ್ನೂ, ಅದು ಯಾವ ಟೂಲ್ ನಂಬರಿನ ಸಾಲಿನಲ್ಲಿ ಕುಳಿತಿದೆ ಎಂಬುದನ್ನೂ ಓದಿ. ಬೋರಿಂಗ್ ಬಾರ್ ನಾಲ್ಕನೇ ಸ್ಟೇಷನ್ನಿನಲ್ಲಿದ್ದರೆ ನಾಲ್ಕನೇ ಸಾಲೇ ಬದಲಾಗಿರಬೇಕು. ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮುಂದಿನ ಜಾಬಿನಲ್ಲಿ ಆ ಟೂಲ್ ಹತ್ತಿರ ಬರುವಾಗ ರ‍್ಯಾಪಿಡ್ ಓವರ್‌ರೈಡ್ (ವೇಗದ ಚಲನೆಯ ಮಿತಿ) ಇಳಿಸಿ, ಸಿಂಗಲ್ ಬ್ಲಾಕಿನಲ್ಲಿ (ಪ್ರೋಗ್ರಾಮಿನ ಒಂದೊಂದು ಸಾಲಿಗೂ ನಿಲ್ಲುವಂತೆ) ಬಿಡಿ. ಆ ಜಾಬ್ ತಣ್ಣಗಾದ ಮೇಲೆ ಅಳೆದು, ಸರಿ ಬಂದ ಮೇಲೆ ಸಿಂಗಲ್ ಬ್ಲಾಕ್ ತೆಗೆಯಿರಿ.